ಗವಿಸಿದ್ದಪ್ಪನ ಕಪಾಟಿಗೆ ಬಂದ ಆಕಾಶದ ಸಾಮಾನು

ಬಳ್ಳಾರಿಯ ಗಾಂಧಿನಗರದಲ್ಲಿ ಒಂದೊಂದು ಮನೆಗೆ ಒಂದೊಂದು ಗುರುತು ಇತ್ತು. ವಕೀಲರ ಮನೆಗೆ ಕಚ್ಚುವ ನಾಯಿ, ಡಾಕ್ಟರ ಮನೆಗೆ ಹಸಿರು ಗೇಟು, ಮೇಷ್ಟ್ರ ಮನೆಗೆ ಸದಾ ಒಣಗುತ್ತಿರುವ ಒಂದೇ ಒಂದು ಅಂಗಿ. ಗವಿಸಿದ್ದಪ್ಪನ ಮನೆಗೆ ಮಾತ್ರ ಚಂದ್ರನ ಗುರುತು. ಬಸ್ ಸ್ಟ್ಯಾಂಡಿನಲ್ಲಿ ರಿಕ್ಷಾದವನಿಗೆ "ಚಂದ್ರನ ಬೂಟು ಇರೋ ಮನಿಗೆ ನಡಿಯಪ್ಪ" ಎಂದರೆ ಸಾಕು, ಮರುಮಾತಿಲ್ಲದೆ ತಂದು ಬಾಗಿಲಿಗೆ ಇಳಿಸುತ್ತಿದ್ದ. ಅದು ಬಾಡಿಗೆ ಮನೆ ಎನ್ನುವ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಮಾಲೀಕ ರಂಗಣ್ಣನೊಬ್ಬನನ್ನು ಬಿಟ್ಟು.

ಗವಿಸಿದ್ದಪ್ಪ ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಬಟ್ಟೆ ಅಳೆದು ಹರಿದುಕೊಡುವ ಕೆಲಸದವನು. ದಿನವಿಡೀ ಕಂಡವರ ಮದುವೆಗೆ ಸೀರೆ ಬಿಚ್ಚಿ ತೋರಿಸಿ, ಸಂಜೆ ಅವನ್ನೆಲ್ಲ ಮಡಚಿಟ್ಟು ಬರಿಗೈಯಲ್ಲಿ ಮನೆಗೆ ಬರುವ ಮನುಷ್ಯನಿಗೆ ತನ್ನದು ಅಂತ ಒಂದು ದೊಡ್ಡಸ್ತಿಕೆ ಬೇಕು ಅನಿಸಿದರೆ ಅದನ್ನು ಯಾರೂ ತಪ್ಪೆನ್ನಲಾರರು. ಕೆಲವರು ಅಂಚೆ ಚೀಟಿ ಕೂಡಿಸುತ್ತಾರೆ, ಕೆಲವರು ಹಳೇ ನಾಣ್ಯ ಕೂಡಿಸುತ್ತಾರೆ. ಗವಿಸಿದ್ದಪ್ಪ ಆಕಾಶಕ್ಕೆ ಹೋಗಿ ಬಂದವರು ಬಳಸಿದ ಸಾಮಾನು ಕೂಡಿಸುತ್ತಿದ್ದ.

ಇದು ಶುರುವಾದದ್ದು ಕುರುಗೋಡಿನ ಸಂತೆಯಲ್ಲಿ. ಮೆಣಸಿನಕಾಯಿ ತರಲು ಹೋದವನು ಹಳೇ ಸಾಮಾನಿನ ಜಡೆಪ್ಪನ ಮುಂದೆ ಹಾಯ್ದು ಬರುವಾಗ, ಗೋಣಿಚೀಲದ ಮೇಲೆ ಒಂದು ದಪ್ಪನೆಯ ಬೆಳ್ಳಿ ಬಣ್ಣದ ಕೈಗವಸು ಬಿದ್ದಿರುವುದನ್ನು ಕಂಡ. ಅದೇನು ಎಂದು ಕೇಳಿದ್ದೇ ತಪ್ಪಾಯಿತು. ಜಡೆಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. ಚಂದ್ರನಿಂದ ಬಂದವರು ಎಲ್ಲಿ ಬೀಳುತ್ತಾರೆ? ಸಮುದ್ರಕ್ಕೆ. ಅವರನ್ನು ಎತ್ತಿಕೊಳ್ಳುವುದು ಯಾವುದು? ಹಡಗು. ಮೈಮೇಲಿನ ಸಾಮಾನು ಬಿಚ್ಚಿಡುವುದೆಲ್ಲಿ? ಅದೇ ಹಡಗಿನಲ್ಲಿ. ಆ ಹಡಗು ಮದ್ರಾಸಿಗೆ ಬಂದಾಗ ಹಳೇದನ್ನೆಲ್ಲ ಹರಾಜು ಹಾಕಿದರು, ಹರಾಜು ಹಿಡಿದವನು ಜಡೆಪ್ಪನ ಷಡ್ಡಕ. ಒಂದೊಂದು ಮೆಟ್ಟಿಲೂ ಇಷ್ಟು ಭದ್ರವಾಗಿದ್ದ ಮೇಲೆ ಗವಿಸಿದ್ದಪ್ಪ ಹತ್ತದೆ ಇರುವುದು ಹೇಗೆ? ಆ ದಿನ ಅವನು ಮೆಣಸಿನಕಾಯಿ ಇಲ್ಲದೆ ಮನೆಗೆ ಬಂದ.

ಆಮೇಲೆ ಬೂಟು ಬಂತು. ಒಂದೇ ಬೂಟು. ಹೋಳಿಗೆ ತಟ್ಟೆಯಷ್ಟು ಅಗಲದ ಅಟ್ಟೆ. ಅದಾದ ಮೇಲೆ ಉದ್ದ ಹಿಡಿಕೆಯ ಒಂದು ಚಮಚ ಬಂತು. ಗವಿಸಿದ್ದಪ್ಪ ಗಾಜಿನ ಬಾಗಿಲಿನ ಕಪಾಟು ಮಾಡಿಸಿ, ಪಡಸಾಲೆಯಲ್ಲಿ ದೇವರ ಜಗಲಿಯ ಪಕ್ಕಕ್ಕೇ ನಿಲ್ಲಿಸಿದ. ಅಲ್ಲಿಗೆ ಅವನ ಹೆಂಡತಿ ಚನ್ನವೀರಮ್ಮನ ತಾಳ್ಮೆ ಮುಗಿಯಿತು.

"ಚಂದ್ರ ಎಲ್ಲಿರ್ತಾನ್ರಿ?" ಎಂದು ಕೇಳಿದಳು. "ಶಿವನ ತಲಿ ಮ್ಯಾಲೆ. ಶಿವನ ತಲಿ ಮ್ಯಾಲಿಂದನ್ನ ತುಳದು ಬಂದ ಬೂಟು ತಂದು ಜಗಲಿ ಪಕ್ಕಕ್ಕ ಇಡ್ತೀರಲ್ಲ, ನಿಮಗ ಏನು ಹೇಳಬೇಕು?"

"ಅದಕ್ಕೇ ಅಲ್ಲೇನ ಇಡೋದು? ಶಿವನ ತಲಿ ಮ್ಯಾಲಿನ ಧೂಳು ಹತ್ತೈತಿ ಅಂದ ಮ್ಯಾಲೆ ಅದು ವಿಭೂತಿ ಇದ್ದಂಗ."

ಈ ಪ್ರಶ್ನೆ ಗಂಡ ಹೆಂಡಿರ ನಡುವೆ ತೀರ್ಮಾನವಾಗುವಂಥದ್ದಲ್ಲ. ಚನ್ನವೀರಮ್ಮ ಹಲಕುಂದಿ ಮಠಕ್ಕೆ ಹೋಗಿ ಅಲ್ಲಿದ್ದ ವಯಸ್ಸಾದ ಅಜ್ಜಾರನ್ನು ಕೇಳಿದಳು. ಅಜ್ಜಾರು ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತಿದ್ದು, ಕೊನೆಗೆ ಕಣ್ಣು ತೆರೆದು, "ಒಂದ ಬೂಟು ಐತಿ ಅಂತೀಯಲ್ಲವ್ವ, ಇನ್ನೊಂದು ಎಲ್ಲಿ ಹೋತು?" ಎಂದರು. ಅದನ್ನೇ ತಂದು ಗಂಡನ ಮುಂದಿಟ್ಟಳು. ಗವಿಸಿದ್ದಪ್ಪ ಒಂದು ಗಳಿಗೆಯೂ ತಡಮಾಡಲಿಲ್ಲ. "ಅಲ್ಲೇ ಹುಗದು ಕುಂತೈತಿ. ಚಂದ್ರನ ಮಣ್ಣು ಬಾಳ ಮೆತ್ತಗ, ಸಿರುಗುಪ್ಪದ ಗದ್ದಿ ಇದ್ದಂಗ. ಕಾಲು ಬಂತು, ಬೂಟು ಬರಲಿಲ್ಲ" ಎಂದ. ಎಷ್ಟು ಸಲೀಸಾಗಿ ಹೇಳಿದನೆಂದರೆ ಸ್ವತಃ ಅವನಿಗೇ ನಂಬಿಕೆ ಬಂದುಬಿಟ್ಟಿತು.

ಅಂದಿನಿಂದ ಚನ್ನವೀರಮ್ಮ ವಾದ ಬಿಟ್ಟಳು. ಕಪಾಟು ಒರೆಸುವಾಗ ಬೂಟನ್ನು ಮಾತ್ರ ಇಕ್ಕಳದಲ್ಲಿ ಎತ್ತಿ ಇಡುತ್ತಿದ್ದಳು. ಮೂರರಲ್ಲಿ ಅವಳು ಮೆಚ್ಚಿದ್ದು ಚಮಚ ಒಂದನ್ನೇ. ಉಗುರಿನಿಂದ ಟಣ್ ಎಂದು ಬಾರಿಸಿ ನೋಡಿ, "ಇದೊಂದು ಗಟ್ಟಿ ಸಾಮಾನು ತಂದೀರಿ" ಎಂದಿದ್ದಳು.

ಇವರ ಒಬ್ಬಳೇ ಮಗಳು ಸುವರ್ಣ. ಆಕೆಯನ್ನು ನೋಡಲು ಸಿರುಗುಪ್ಪದಿಂದ ಕೊಟ್ಟೂರಪ್ಪ ತನ್ನ ಮಗ ಮರಿಬಸಪ್ಪನನ್ನು ಕರೆದುಕೊಂಡು ಬಂದದ್ದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ. ಕೊಟ್ಟೂರಪ್ಪನದು ಅಕ್ಕಿ ಗಿರಣಿ. ದೇಶನೂರಿನ ಕಡೆ ಗದ್ದೆ. ಗವಿಸಿದ್ದಪ್ಪನ ಮಟ್ಟಿಗೆ ಅದು ಎಟುಕದ ಹಣ್ಣೇ. ಹುಡುಗ ಹುಡುಗಿಯನ್ನು ನೋಡಿದ, ಒಂದು ಲೋಟ ನೀರು ಕೇಳಿದ, ಅದನ್ನು ಕುಡಿದು ಇನ್ನೊಂದು ಲೋಟ ಕೇಳಿದ. ಬೇಸಿಗೆಯೇನೋ ನಿಜ, ಆದರೆ ಎರಡನೆಯ ಲೋಟವನ್ನು ಅವನು ಕುಡಿಯಲೇ ಇಲ್ಲ. ಸುವರ್ಣ ಅಡುಗೆಮನೆಗೆ ಹೋಗಿ ಗೋಡೆಯ ಕಡೆ ತಿರುಗಿ ನಕ್ಕಳು.

ಕೊಟ್ಟೂರಪ್ಪ ಮಾತ್ರ ಹುಡುಗಿಗಿಂತ ಹೆಚ್ಚು ಹೊತ್ತು ಕಪಾಟನ್ನು ನೋಡಿದ. ಕೈಗವಸು ಆಯಿತು, ಬೂಟು ಆಯಿತು, ಚಮಚದ ಮುಂದೆ ಬಂದು ನಿಂತ. ಅದುವರೆಗೆ ಎಲ್ಲರಿಗೂ "ಆಕಾಶದಾಗ ಊಟ ಮಾಡಿದ ಚಮಚ" ಎಂದಷ್ಟೇ ಹೇಳಿಕೊಂಡು ಬಂದಿದ್ದ ಗವಿಸಿದ್ದಪ್ಪನಿಗೆ, ಗಿರಣಿ ಮಾಲೀಕರಿಗೆ ಅಷ್ಟು ಸಾಲದು ಅನಿಸಿತು. ಹಿಂದಿನ ದಿನವಷ್ಟೇ ಭಜಿ ಕಟ್ಟಿಕೊಟ್ಟ ಪೇಪರಿನ ತುಂಡಿನಲ್ಲಿ ಒಂದು ಹೊಸ ಹೆಸರು ಓದಿದ್ದ. ಓದಿದವನು ಸುಮ್ಮನಿರಬಹುದಿತ್ತು.

"ಆಕಾಶದಾಗ ಅಮೆರಿಕಾದೋರು ಒಂದು ಮನಿ ಕಟ್ಟ್ಯಾರ್ರಿ ಬೀಗರ. ಸ್ಕೈಲ್ಯಾಬ್ ಅಂತಾರ ಅದಕ್ಕ. ಮೂರು ಮೂರು ಮಂದಿ ಹೋಗಿ ಅಲ್ಲೇ ಇದ್ದು ಬಂದಾರ. ಅದರ ಅಡಿಗಿಮನಿ ಚಮಚ ಇದು."

ಕೊಟ್ಟೂರಪ್ಪ ಗಾಜಿಗೆ ಮುಖ ತಂದು ನೋಡಿದ. "ಅಂದ್ರ ಆ ಮನಿಯಾಗ ಈಗ ಒಂದು ಚಮಚ ಕಮ್ಮಿ ಐತಿ."

"ಹೌದ್ರಿ."

"ಮತ್ತ ಅವರು ಹುಡುಕಂಗಿಲ್ಲೇನು?"

"ಅಷ್ಟು ದೂರದಿಂದ ಏನು ಹುಡುಕ್ತಾರ್ರಿ" ಎಂದು ಗವಿಸಿದ್ದಪ್ಪ ನಕ್ಕ. ಕೊಟ್ಟೂರಪ್ಪನೂ ನಕ್ಕ. ಸಂಬಂಧ ಕುದುರಿತು. ಆಷಾಢ ಕಳೆದು ಶ್ರಾವಣ ಹತ್ತಿದ ಮೇಲೆ ನಿಶ್ಚಯ ಮಾಡುವುದೆಂದು ಮಾತಾಯಿತು.

ಆಷಾಢ ಬಂತು. ಅದರ ಜೊತೆಗೆ ರೇಡಿಯೋದಲ್ಲಿ ಸುದ್ದಿಯೂ ಬಂತು. ಸ್ಕೈಲ್ಯಾಬ್ ಎನ್ನುವ ಆಕಾಶದ ಮನೆ ಹಿಡಿತ ತಪ್ಪಿ ಕೆಳಗೆ ಬೀಳುತ್ತಿದೆ, ಎಲ್ಲಿ ಬೀಳುತ್ತದೋ ಹೇಳಲು ಬರುವುದಿಲ್ಲ.

ಎಲ್ಲಿ ಬೀಳುತ್ತದೆ ಎನ್ನುವುದು ಅಮೆರಿಕದ ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಗೊತ್ತಾಗಲಿಲ್ಲ. ಗಾಂಧಿನಗರದ ನಲ್ಲಿಯ ಮುಂದೆ ರಂಗಣ್ಣನ ಹೆಂಡತಿ ಗಂಗಕ್ಕನಿಗೆ ಗೊತ್ತಾಯಿತು. ಕೊಡ ತುಂಬುವಷ್ಟರಲ್ಲಿ ಹೇಳಿ ಮುಗಿಸಿದಳು.

"ಕರು ಕಟ್ಟಿದ ಮನಿಗೆ ಆಕಳು ಬರಲಾರದ ಇರತೈತೇನು? ಅದರ ಚಮಚ ಇಲ್ಲೈತಿ. ಅದು ಎಲ್ಲಿಗೆ ಬರಬೇಕು ನೀವ ಹೇಳ್ರಿ."

ಎಲ್ಲರೂ ಕೊಡ ಅಲ್ಲೇ ಬಿಟ್ಟು ಮೇಲೆ ನೋಡಿದರು. ಸಂಜೆಯೊಳಗೆ ಗಾಂಧಿನಗರದ ಅರ್ಧ ಮಂದಿ ಊರಿಗೆ ಹೋಗಲು ಗಂಟು ಕಟ್ಟಿದರು, ಇನ್ನರ್ಧ ಮಂದಿ ಗವಿಸಿದ್ದಪ್ಪನ ಮನೆ ಮುಂದೆ ಬಂದು ನಿಂತರು. ನಿನ್ನೆಯವರೆಗೆ ಮಕ್ಕಳನ್ನು ಎತ್ತಿಕೊಂಡು ಬಂದು ಬೂಟಿಗೆ ಕೈ ಮುಗಿಸುತ್ತಿದ್ದವರೇ ಇವರು.

ಯಾರೋ ಪುಣ್ಯಾತ್ಮರು ಠಾಣೆಗೂ ಅರ್ಜಿ ಕೊಟ್ಟರು, ಪರದೇಶದ ಸರ್ಕಾರಿ ಸಾಮಾನು ಈ ಮನೆಯಲ್ಲಿದೆ ಅಂತ. ಹೆಡ್ ಕಾನ್‌ಸ್ಟೇಬಲ್ ಚಿನ್ನಪ್ಪ ಸೈಕಲ್ ಮೇಲೆ ಬಂದ. ಬಂದವನೇ ಕಪಾಟು ತೆರೆಸಿ ಕೈಗವಸನ್ನು ಎತ್ತಿಕೊಂಡ.

"ಇದನ್ನೆಲ್ಲ ಜಪ್ತಿ ಮಾಡಿ ಠಾಣೆಗೆ ಒಯ್ಯಬೇಕಾಗತೈತಿ."

ಗವಿಸಿದ್ದಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಒಯ್ಯಿರಿ ಸಾಹೇಬ್ರ. ಚೀಲ ನಾನ ಕೊಡ್ತೀನಿ" ಎಂದು ಒಳಗೆ ಓಡಿದ. ಚೀಲ ತರುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಗಂಗಕ್ಕ ಕರು ಮತ್ತು ಆಕಳಿನ ಮಾತನ್ನು ಚಿನ್ನಪ್ಪನಿಗೆ ವಿವರಿಸಿ ಆಗಿತ್ತು. ಚಿನ್ನಪ್ಪ ಕೈಗವಸನ್ನು ಎಲ್ಲಿಂದ ಎತ್ತಿದ್ದನೋ ಅಲ್ಲಿಯೇ, ಮಲಗಿದ ಮಗುವನ್ನು ಇಟ್ಟ ಹಾಗೆ, ಮೆತ್ತಗೆ ಇಟ್ಟ.

"ಠಾಣ್ಯಾಗ ಕೈದಿಗಳು ಅದಾರ" ಎಂದ. ಸ್ವಲ್ಪ ತಡೆದು, "ಸಾಹೇಬ್ರೂ ಅದಾರ" ಎಂದ. ಕೈ ತೊಳೆಯಲು ನೀರು ಕೇಳಿದ. ಸೈಕಲ್ ಹತ್ತುವಾಗ, "ನೋಡಪಾ, ನಾನು ಇಲ್ಲಿಗೆ ಬಂದಿಲ್ಲ, ಏನೂ ನೋಡಿಲ್ಲ. ನೀನು ಮಾತ್ರ ಇವನ್ನ ಸರ್ಕಾರಿ ಕಟ್ಟಡದಿಂದ ದೂರ ಇಡು" ಎಂದು ಕಾನೂನು ಹೇಳಿ ಹೋದ.

ಸರ್ಕಾರ ಕೈಬಿಟ್ಟ ಮೇಲೆ ಮಾಲೀಕ ರಂಗಣ್ಣ ಕೈಗೆ ತೆಗೆದುಕೊಂಡ. ಅವನದು ಚಿಕ್ಕ ಮಾತು. "ಸಾಮಾನು ಬಿಡ್ರಿ, ಇಲ್ಲಾ ಮನಿ ಬಿಡ್ರಿ. ಮಾಳಿಗಿ ಹೋದ ವರ್ಷ ಮಾಡಿಸೀನಿ."

ಇಷ್ಟನ್ನು ಗವಿಸಿದ್ದಪ್ಪ ಹೇಗೋ ತಾಳಿಕೊಳ್ಳುತ್ತಿದ್ದ. ಆದರೆ ಮಾರನೆಯ ದಿನ ಸಿರುಗುಪ್ಪದ ಬಸ್ಸಿಳಿದು ಕೊಟ್ಟೂರಪ್ಪನೇ ಬಂದ. ಬಂದವನು ಮನೆಯೊಳಗೆ ಬರಲಿಲ್ಲ. ರಸ್ತೆಯ ಆಚೆ ಬದಿಯ ಬೇವಿನ ಮರದ ಕೆಳಗೆ ನಿಂತು, ಮೋಡವೂ ಇಲ್ಲದ ಬಿಸಿಲೂ ಇಲ್ಲದ ಹೊತ್ತಿನಲ್ಲಿ ಕೊಡೆ ಬಿಚ್ಚಿ ತಲೆಯ ಮೇಲೆ ಹಿಡಿದುಕೊಂಡ. ಗವಿಸಿದ್ದಪ್ಪ ಈಚೆಯ ಬಾಗಿಲಲ್ಲಿ. ಬೀಗತನದ ಮಾತುಕತೆ ರಸ್ತೆಯ ಮೇಲೆ, ನಡುವೆ ಹಾಯುವ ಸೈಕಲ್ಲುಗಳನ್ನು ದಾಟಿಕೊಂಡು ನಡೆಯಿತು.

"ಒಳಗ ಬರ್ರಿ ಬೀಗರ, ಚಾ ಕುಡಿಯೋಣ."

"ಚಾ ಇರಲಿ. ಒಂದು ಮಾತು ಕೇಳಾಕ ಬಂದೀನಿ. ಆ ಚಮಚ ಖರೇನ ಆ ಮನೀದೇನು?"

ಗವಿಸಿದ್ದಪ್ಪ ಬಾಯಿ ತೆರೆದ. ಹೌದು ಎನ್ನಬೇಕು ಎಂದುಕೊಂಡ. ಹೌದೆಂದರೆ ಆ ಮನೆ ಬಂದು ಬೀಳುವುದು ಇಲ್ಲಿಗೇ, ಅಂಥ ಮನೆಯ ಹೆಣ್ಣನ್ನು ಗಿರಣಿಗೆ ತಂದುಕೊಳ್ಳುವ ಧೈರ್ಯ ಯಾವ ಮಾವನಿಗೂ ಇರಲಾರದು. ಅಲ್ಲ ಎನ್ನಬೇಕು ಎಂದುಕೊಂಡ. ಅಲ್ಲವೆಂದರೆ ಹೆಣ್ಣು ತೋರಿಸುವ ದಿನವೇ ಬೀಗರಿಗೆ ಸುಳ್ಳು ಹೇಳಿದ ಹಾಗಾಯಿತು, ಅಂಥವರ ಮನೆಯಿಂದ ಹೆಣ್ಣು ತರುವವರು ಯಾರು? ಅತ್ತ ದರಿ, ಇತ್ತ ಪುಲಿ.

"ನಾಳೆ ನಾನ ಸಿರುಗುಪ್ಪಕ್ಕ ಬಂದು ಹೇಳ್ತೀನ್ರಿ" ಎಂದ ಕೊನೆಗೆ.

"ಬರ್ರಿ. ಮಾತು ಕೇಳಿಕೊಂಡ ಮ್ಯಾಲೆ ಶ್ರಾವಣದ್ದು ನೋಡೋಣಂತ" ಎಂದು ಕೊಟ್ಟೂರಪ್ಪ ಕೊಡೆಯ ಸಮೇತ ನಡೆದುಬಿಟ್ಟ.

ಸುವರ್ಣ ಕಿಟಕಿಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಊಟಕ್ಕೆ ಕುಳಿತವಳು ರೊಟ್ಟಿ ಮುರಿದು ಮುರಿದು ಸಣ್ಣ ಚೂರು ಮಾಡಿ ತಟ್ಟೆಯಲ್ಲೇ ಬಿಟ್ಟು ಎದ್ದಳು. ಕಪಾಟು ಮಾಡಿಸಿದ ದಿನವೇ ತನ್ನ ಕೈ ಮುರಿದುಹೋಗಿದ್ದರೆ ಚೆನ್ನಾಗಿತ್ತು ಎಂದು ಗವಿಸಿದ್ದಪ್ಪನಿಗೆ ಮನಸ್ಸಿನ ತಳದಿಂದ ಅನಿಸಿತು.

"ಸಾಮಾನೆಲ್ಲ ಒಂದು ಗಂಟು ಕಟ್ಟಿ ಕೊಡು" ಎಂದ ಹೆಂಡತಿಗೆ. "ಎಲ್ಲಿಂದ ತಂದೀನೋ ಅಲ್ಲೇ ಒಗದು ಬರ್ತೀನಿ."

ಬೆಳಗಾಗುವುದರೊಳಗೆ ಚನ್ನವೀರಮ್ಮ ಹಳೇ ಧೋತರದಲ್ಲಿ ಗಂಟು ಕಟ್ಟಿ, ಗಂಟಿನ ಮೇಲೆ ಗಂಟು ಹಾಕಿ ಇಟ್ಟಿದ್ದಳು. "ದಾರ್‍ಯಾಗ ಬಿಚ್ಚಬ್ಯಾಡ್ರಿ ಮತ್ತ. ಮಂದಿ ನೋಡಿದ್ರ ಬಸ್ಸಿನಿಂದ ಇಳಿಸಿಬಿಡ್ತಾರ" ಎಂದಳು. ಅದೂ ಖರೆ ಅನಿಸಿ ಗವಿಸಿದ್ದಪ್ಪ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ಕುರುಗೋಡಿನ ಬಸ್ಸು ಹತ್ತಿದ.

ದಾರಿಯುದ್ದಕ್ಕೂ ಅವನ ಯೋಚನೆ ಒಂದೇ. ಜಡೆಪ್ಪ ತಾನು ಮೋಸ ಮಾಡಿದೆ ಎಂದು ಒಪ್ಪಿಕೊಂಡರೆ ಸಾಕು. ಆಗ ಸಾಮಾನು ಸುಳ್ಳು, ಆದರೆ ಗವಿಸಿದ್ದಪ್ಪ ಸುಳ್ಳನಲ್ಲ, ಮೋಸ ಹೋದವನು. ಮೋಸ ಹೋದವನ ಮನೆಯಿಂದ ಹೆಣ್ಣು ತರಲು ಯಾರ ಅಡ್ಡಿಯೂ ಇಲ್ಲ. ಜಗತ್ತಿನಲ್ಲಿ ತನಗೆ ಮೋಸವಾಗಿರಲಿ ಎಂದು ಅಲ್ಲಿನ ದೇವರು ದೊಡ್ಡ ಬಸಪ್ಪನಿಗೆ ಹರಕೆ ಹೊತ್ತುಕೊಂಡು ಕುರುಗೋಡಿನಲ್ಲಿ ಇಳಿದ ಮೊದಲ ಮನುಷ್ಯ ಇವನೇ ಇರಬೇಕು.

ಜಡೆಪ್ಪ ಮನೆಯ ಕಟ್ಟೆಯ ಮೇಲೆ ಬೀಗಗಳಿಗೆ ಎಣ್ಣೆ ಹಾಕುತ್ತ ಕುಳಿತಿದ್ದ. ಗವಿಸಿದ್ದಪ್ಪ ಗಂಟನ್ನು ಅವನ ಮುಂದೆ ಇಟ್ಟು ಕೈ ಹಿಡಿದುಕೊಂಡ.

"ಜಡೆಪ್ಪ, ನಿನ್ನ ಮ್ಯಾಲೆ ಸಿಟ್ಟಿಲ್ಲ. ನನಗ ಮೋಸ ಮಾಡೀ ಅಂತ ಒಂದ ಮಾತು ಹೇಳು. ನಿನಗ ಪುಣ್ಯ ಬರತೈತಿ."

ಜಡೆಪ್ಪನ ಮುಖ ಕೆಂಪಾಯಿತು. "ಏನಂತ ಮಾತಾಡ್ತೀರಿ? ಅಪ್ಪನ ಕಾಲದಿಂದ ವ್ಯಾಪಾರ ಮಾಡೀವಿ. ಒಬ್ಬರು ಬೆಟ್ಟು ಮಾಡಿ ತೋರಿಸಿಲ್ಲ."

"ನಾನೂ ತೋರಿಸಂಗಿಲ್ಲ. ಸಿರುಗುಪ್ಪಕ್ಕ ಬಂದು ಬೀಗರ ಮುಂದ ಹೇಳು ಸಾಕು. ಚಮಚ ಸುಳ್ಳು ಅಂತ."

"ಚಮಚ ಖರೇ ಐತ್ರಿ."

"ಬೂಟರ ಸುಳ್ಳು ಅನ್ನು."

"ಬೂಟೂ ಖರೇ. ದೊಡ್ಡ ಬಸಪ್ಪನ ಆಣಿ."

"ಹಂಗಾದ್ರ ಒಳ್ಳೇದಾತು" ಎಂದ ಗವಿಸಿದ್ದಪ್ಪ, ಅಂಗಡಿಯಲ್ಲಿ ಇಷ್ಟು ವರ್ಷ ಗಿರಾಕಿಗಳ ಜೊತೆ ಗುದ್ದಾಡಿದ ಅನುಭವವನ್ನೆಲ್ಲ ಒಟ್ಟು ಮಾಡಿಕೊಂಡು. "ಖರೇ ಸಾಮಾನು ನಿನ್ನ ಹತ್ರನ ಇರಲಿ. ನನಗ ರೊಕ್ಕ ಬ್ಯಾಡ, ಪುಕ್ಕಟ ಇಟ್ಕೋ."

ಜಡೆಪ್ಪ ಕುಳಿತಲ್ಲಿಂದಲೇ ಒಂದು ಮೊಳ ಹಿಂದೆ ಸರಿದ. ಗಂಟನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ, ಆಮೇಲೆ ಸತ್ಯವನ್ನೇ ಹೇಳಿದ.

"ನೋಡ್ರಿ, ಮಾರುವಾಗ ನನಗೂ ಅಷ್ಟು ನಂಬಿಕಿ ಇದ್ದಿಲ್ಲ. ಈಗ ರೇಡಿಯೋ ಕೇಳಿದ ಮ್ಯಾಲೆ ಬಂದೈತಿ. ಮನ್ಯಾಗ ಸಣ್ಣ ಮಕ್ಕಳು ಅದಾವ. ಮಾರಿದ್ದು ವಾಪಸ್ ತಗೊಳ್ಳೋದು ನಮ್ಮಲ್ಲಿ ಪದ್ಧತಿ ಇಲ್ರಿ."

ಗಂಟು ಮತ್ತೆ ಕಂಕುಳಿಗೆ ಬಂತು. ಸಿರುಗುಪ್ಪದ ಬಸ್ಸಿನಲ್ಲಿ ಗವಿಸಿದ್ದಪ್ಪ ಹೌದು ಎನ್ನುವುದನ್ನೂ ಅಲ್ಲ ಎನ್ನುವುದನ್ನೂ ಹಲವು ಬಗೆಯಲ್ಲಿ ಹೇಳಿ ನೋಡಿದ. ಪಕ್ಕದಲ್ಲಿ ಕುಳಿತಿದ್ದ ಮುದುಕಿ ಇವನು ಒಬ್ಬನೇ ಮಾತಾಡುವುದನ್ನು ಕಂಡು ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಕುಳಿತಳು.

ಗಿರಣಿಯ ಅಂಗಳದಲ್ಲಿ ಹಮಾಲರು ಭತ್ತದ ಚೀಲ ಇಳಿಸುತ್ತಿದ್ದರು. ಬಳ್ಳಾರಿ ಬೀಗರು ಗಂಟಿನ ಸಮೇತ ಬಂದರು ಎನ್ನುವುದು ಗೊತ್ತಾದ ಕೂಡಲೇ ಚೀಲಗಳು ಎಲ್ಲೆಲ್ಲಿದ್ದವೋ ಅಲ್ಲಲ್ಲೇ ಇಳಿದವು. ಅಂಗಳದ ನಡುವೆ ಗವಿಸಿದ್ದಪ್ಪನೊಬ್ಬನೇ ಉಳಿದ. ಕೊಟ್ಟೂರಪ್ಪ ಗಿರಣಿಯ ಬಾಗಿಲಲ್ಲಿ, ಅವನ ಹಿಂದೆ ಮರಿಬಸಪ್ಪ.

"ಹೇಳ್ರಿ ಬೀಗರ" ಎಂದ ಕೊಟ್ಟೂರಪ್ಪ. "ಖರೇನೋ, ಸುಳ್ಳೋ?"

ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಬಂದದ್ದು ಬೇರೆಯೇ.

"ನನಗ ಗೊತ್ತಿಲ್ರಿ" ಎಂದ ಗವಿಸಿದ್ದಪ್ಪ. "ಬೂಟು, ಕೈಗವಸು ಖರೇ ಅಂತ ನಂಬಿ ತಂದೆ. ಚಮಚ ಆ ಮನೀದು ಅಂದದ್ದು ಮಾತ್ರ ನಿಮ್ಮ ಮುಂದ ದೊಡ್ಡಾಂವ ಆಗಬೇಕಂತ ಹೇಳಿದ್ದು. ಅದೂ ಖರೇ ಇದ್ರ ಇರಬೌದು, ಯಾಂವ ಬಲ್ಲ. ನನಗ ಗೊತ್ತಿರೋದು ಒಂದ. ನಿನ್ನೆಯಿಂದ ಮಗಳು ಊಟ ಬಿಟ್ಟಾಳ."

ಕೊಟ್ಟೂರಪ್ಪ ಹಿಂದೆ ತಿರುಗಿ ಮಗನನ್ನು ನೋಡಿದ. ಮರಿಬಸಪ್ಪ ಭತ್ತದ ರಾಶಿಯನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ.

"ನಮ್ಮ ಮನ್ಯಾಗೂ ಒಬ್ಬಾಂವ ಬಿಟ್ಟಾನ" ಎಂದ ಕೊಟ್ಟೂರಪ್ಪ. ದನಿ ಇಳಿದಿತ್ತು. "ಬೀಗರ, ಮುಕ್ಕಾದ ದೇವರ ಮೂರ್ತಿ ಇರ್ತಾವ, ಗಾಜು ಒಡದ ದೇವರ ಫೋಟೋ ಇರ್ತಾವ. ಅವನ್ನ ಏನು ಮಾಡ್ತೀವಿ? ಅದರಾಗ ದೇವರು ಐತೋ ಇಲ್ಲೋ ಅಂತ ಕೇಳ್ಕೋತ ಕುಂದ್ರತೀವೇನು?"

"ಹೊಳಿಗೆ ಬಿಡ್ತೀವ್ರಿ."

"ನಡೀರಿ ಮತ್ತ."

ದೇಶನೂರಿನ ಕಡೆ ಹೊಳೆಯ ದಂಡೆಗೆ ಎತ್ತಿನ ಗಾಡಿಯಲ್ಲಿ ಹೋದರು. ಮುಂದೆ ಕೊಟ್ಟೂರಪ್ಪ ತೆಂಗಿನಕಾಯಿ ಹಿಡಿದು, ಹಿಂದೆ ಗವಿಸಿದ್ದಪ್ಪ ಗಂಟು ಹಿಡಿದು, ಅದರ ಹಿಂದೆ ಒಂದು ಮಾರು ದೂರ ಬಿಟ್ಟು ಗಿರಣಿಯ ಹಮಾಲರೆಲ್ಲ. ತುಂಗಭದ್ರೆಗೆ ಹೊಸ ನೀರು ಬಂದಿತ್ತು. ಗಂಗೆ ಪೂಜೆಯಾಯಿತು, ಕಾಯಿ ಒಡೆದರು, ಗಂಟಿಗೂ ಕುಂಕುಮ ಹಚ್ಚಿದರು. ಎಷ್ಟೆಂದರೂ ದೊಡ್ಡವರ ಸಾಮಾನು, ಮರ್ಯಾದೆಯಿಂದ ಕಳಿಸಬೇಕು ಎನ್ನುವುದು ಕೊಟ್ಟೂರಪ್ಪನ ಮಾತು. ಗವಿಸಿದ್ದಪ್ಪ ಮೊಣಕಾಲು ನೀರಿನಲ್ಲಿ ನಿಂತು ಗಂಟನ್ನು ಬಿಟ್ಟ.

ಗಂಟು ಮುಳುಗಲಿಲ್ಲ. ಒಂದು ಸುತ್ತು ತಿರುಗಿ, ನೇರ ಅವನ ಕಾಲಿಗೇ ಬಂದು ತಾಗಿತು. ದಂಡೆಯ ಮೇಲಿದ್ದವರು ಇನ್ನೊಂದು ಮಾರು ಹಿಂದೆ ಹೋದರು. ತಳ್ಳಿದ, ಮತ್ತೆ ಬಂತು. ಕೊನೆಗೆ ಮರಿಬಸಪ್ಪನೇ ಧೋತರ ಎತ್ತಿ ಕಟ್ಟಿ ನೀರಿಗಿಳಿದು, ಒಂದು ಬಿದಿರ ಗಳದಿಂದ ಅದನ್ನು ಸೆಳವಿನ ತನಕ ನೂಕಿಕೊಂಡು ಹೋದ. ಹೆಣ್ಣಿನ ಮನೆಯವರಿಗೆ ಗಂಡು ಇಷ್ಟು ಮುತುವರ್ಜಿಯಿಂದ ದುಡಿದದ್ದನ್ನು ಗವಿಸಿದ್ದಪ್ಪ ಬಟ್ಟೆ ಅಂಗಡಿಯಲ್ಲಿ ಕಂಡ ಯಾವ ಮದುವೆಯಲ್ಲೂ ಕಂಡಿರಲಿಲ್ಲ. ಗಂಟು ಸೆಳವಿಗೆ ಸಿಕ್ಕಿ, ಬೂಟಿನ ಉಬ್ಬು ತೋರಿಸುತ್ತ, ಆಂಧ್ರದ ಕಡೆ ಹೊರಟುಹೋಯಿತು.

ಆ ರಾತ್ರಿ ಊರೆಲ್ಲ ಎಚ್ಚರವಾಗಿದ್ದರೂ ಸಿರುಗುಪ್ಪದ ಬೀಗರ ಮನೆಯಲ್ಲಿ ಗವಿಸಿದ್ದಪ್ಪ ಮಾತ್ರ ಗೊರಕೆ ಹೊಡೆದ. ಬೆಳಿಗ್ಗೆ ರೇಡಿಯೋ ಹೇಳಿತು. ಸ್ಕೈಲ್ಯಾಬ್ ಸಮುದ್ರಕ್ಕೆ ಬಿದ್ದಿದೆ. ಒಂದಿಷ್ಟು ಚೂರುಗಳು ಆಸ್ಟ್ರೇಲಿಯಾದ ನೆಲದ ಮೇಲೆ ಬಿದ್ದಿವೆ. ಯಾರಿಗೂ ಏನೂ ಆಗಿಲ್ಲ.

ಕೊಟ್ಟೂರಪ್ಪ ರೇಡಿಯೋದ ಕಿವಿ ತಿರುವಿ ಆರಿಸಿ, ಎದ್ದು ಬಂದು ಬೀಗನನ್ನು ಅಪ್ಪಿಕೊಂಡ. "ತಿಳೀತೇನ್ರಿ ನಿಮಗ? ಹೊಳಿ ಎಲ್ಲಿಗೆ ಹೋಗತೈತಿ? ಕೃಷ್ಣಾಕ್ಕ. ಕೃಷ್ಣಾ ಎಲ್ಲಿಗೆ ಹೋಗತೈತಿ? ಸಮುದ್ರಕ್ಕ. ಸಾಮಾನು ಹೋದ ದಾರಿ ಹಿಡದು ಮನೀನೂ ಹೋಗಿ ಸಮುದ್ರಕ್ಕ ಬಿತ್ತು."

ಈ ಮಾತು ಗವಿಸಿದ್ದಪ್ಪನಿಗಿಂತ ಮುಂಚಿನ ಬಸ್ಸಿನಲ್ಲಿ ಬಳ್ಳಾರಿ ಮುಟ್ಟಿತು. ಅವನು ಬಂದಿಳಿದಾಗ ಗಾಂಧಿನಗರದವರು ಹಾರ ಹಿಡಿದು ನಿಂತಿದ್ದರು. ಒಂದು ಜಿಲ್ಲೆಯನ್ನು ಉಳಿಸಿದವನು ಎಂದು ಕೆಲವರು, ಎರಡು ಜಿಲ್ಲೆ ಎಂದು ಕೆಲವರು. ರಂಗಣ್ಣ 'ಮನಿ ನಿಮ್ಮದ' ಎಂದ, ಬಾಡಿಗೆಯ ಮಾತು ಬಿಟ್ಟು. ಗಂಗಕ್ಕ ತಾನು ಮೊದಲೇ ಹೇಳಿದ್ದೆನಲ್ಲ ಎಂದು ಎಲ್ಲರಿಗೂ ನೆನಪು ಮಾಡಿಕೊಟ್ಟಳು. ಚಿನ್ನಪ್ಪ ಸೈಕಲ್ ನಿಲ್ಲಿಸಿ, ಸಾಮಾನು ದೂರ ಇಡಲು ತಾನೇ ಹುಕುಂ ಮಾಡಿದ್ದು ಎಂದ. ಗವಿಸಿದ್ದಪ್ಪ ಯಾರ ಮಾತಿಗೂ ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ಅವನಿಗೆ ಬೇಕಾಗಿದ್ದದ್ದು ಶ್ರಾವಣದ ತನಕದ ಆಯುಷ್ಯ ಮಾತ್ರ. ಒಳಗೆ ಹೋದರೆ ಸುವರ್ಣ ರೊಟ್ಟಿ ತಿನ್ನುತ್ತಿದ್ದಳು. ಅಲ್ಲಿಯೇ ಹೊಸ್ತಿಲ ಮೇಲೆ ಕುಳಿತು, ಅವಳು ತಿಂದು ಮುಗಿಸುವ ತನಕ ನೋಡಿದ. ಕಣ್ಣು ತುಂಬಿ ಬಂತು.

ಶ್ರಾವಣದಲ್ಲಿ ನಿಶ್ಚಯವಾಯಿತು. ಅದೇ ಪಡಸಾಲೆಯಲ್ಲಿ, ಈಗ ಚನ್ನವೀರಮ್ಮನ ತಾಟು ಲೋಟಗಳನ್ನು ತುಂಬಿಕೊಂಡು ನಿಂತ ಅದೇ ಕಪಾಟಿನ ಮುಂದೆ ಊಟದ ಪಂಕ್ತಿ ಕುಳಿತಿತು. ಕೊಟ್ಟೂರಪ್ಪ ಎರಡು ಹೋಳಿಗೆ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದವನು ಅರ್ಧಕ್ಕೆ ನಿಲ್ಲಿಸಿದ.

"ಬೀಗರ, ಒಂದು ಮಾತ್ರ ನನಗ ತಿಳೀವಲ್ದು. ಅವತ್ತಿನಿಂದ ತಲ್ಯಾಗ ಕೊರೀತೈತಿ. ಸಾಮಾನೆಲ್ಲ ಹೊಳಿಗೆ ಬಿಟ್ವಿ, ಅದೂ ಸಮುದ್ರಕ್ಕ ಬಿತ್ತು. ಸರಿ. ಆದ್ರ ಒಂದಿಷ್ಟು ಚೂರು ನೆಲಕ್ಕ ಬಿದ್ದುವಂತ. ಎಲ್ಲಾ ನೀರಿಗೆ ಹೋದ ಮ್ಯಾಲೆ ಆ ಚೂರು ನೆಲಕ್ಕ ಯಾಕ ಬಿದ್ದುವು?"

ಚನ್ನವೀರಮ್ಮ ಆಗ ಮಾವಿನ ಉಪ್ಪಿನಕಾಯಿಯ ಭರಣಿ ಹಿಡಿದು ಬಗ್ಗಿ ಬಡಿಸುತ್ತಿದ್ದಳು. ಭರಣಿಯ ತಳದ ತನಕ ಮುಟ್ಟುವ ಉದ್ದನೆಯ ಹಿಡಿಕೆಯ ಚಮಚ. ಗವಿಸಿದ್ದಪ್ಪ ಹಿಡಿಕೆ ನೋಡಿದ, ಹಿಡಿಕೆಯ ತುದಿ ನೋಡಿದ. ಹೆಂಡತಿ ಅಡುಗೆಮನೆಗೆ ಹೋಗುತ್ತಲೇ ಹಿಂದೆಯೇ ಎದ್ದು ಹೋದ.

"ಏನಿದು?"

"ಚಮಚ."

"ಹೊಳಿಗೆ ಬಿಟ್ಟಿದ್ದು?"

"ನೀವು ಬಿಟ್ಟಿದ್ದು ಬೂಟು, ಕೈಗವಸು" ಎಂದಳು ಚನ್ನವೀರಮ್ಮ, ಚಮಚದ ಎಣ್ಣೆಯನ್ನು ಭರಣಿಯ ಬಾಯಿಗೆ ಸವರುತ್ತ. "ಗಟ್ಟಿ ಸ್ಟೀಲ್ ಐತಿ. ಇಂಥದನ್ನ ಯಾರರ ಹೊಳಿಗೆ ಬಿಡ್ತಾರೇನು? ನಡೀರಿ, ಬೀಗರು ಒಬ್ಬರ ಕುಂತಾರ."

ಗವಿಸಿದ್ದಪ್ಪ ತಿರುಗಿ ಬಂದು ಎಲೆಯ ಮುಂದೆ ಕುಳಿತ. ಆಚೆ ಪಂಕ್ತಿಯಲ್ಲಿ ಸುವರ್ಣ ಎರಡನೆಯ ಲೋಟ ನೀರನ್ನು ಮರಿಬಸಪ್ಪನ ಮುಂದಿಟ್ಟಳು, ಅವನು ಈ ಸಲ ಅದನ್ನು ಪೂರ್ತಿ ಕುಡಿದ. ಕೊಟ್ಟೂರಪ್ಪ ಇನ್ನೂ ಹೋಳಿಗೆ ಹಿಡಿದುಕೊಂಡೇ ಉತ್ತರಕ್ಕೆ ಕಾಯುತ್ತಿದ್ದ.

"ಆಕಾಶದ ಮಾತು ಬೀಗರ, ನಮಗೇನು ತಿಳೀತೈತಿ" ಎಂದ ಗವಿಸಿದ್ದಪ್ಪ. "ಇನ್ನೊಂದು ಹೋಳು ಉಪ್ಪಿನಕಾಯಿ ಹಾಕಿಸ್ಕೊಳ್ರಿ."